ತೊಟ್ಟಿಯ ಅಂಚು

ಬಿಸಿ, ಒಂದು ಮೂಲೆ ಸಿಕ್ಕಿತು, ಇನ್ನೊಂದು ಎಲ್ಲಿ, ಇಲ್ಲಿದೆ, ಇಸ್ತ್ರಿ ರೋಲರಿನ ಬಾಯಿಂದ ಬಿಳಿ ಶೀಟು ಇಳಿಯುತ್ತಲೇ ಇದೆ, ಎದುರಿಗೆ ರೇಡಿಯೊ ತನ್ನ ಎರಡು ಮೂಲೆ ಹಿಡಿದು ಹಿಂದೆ ಸರಿಯುತ್ತಾಳೆ, ಇವಳೂ ಸರಿಯುತ್ತಾಳೆ, ಎಳೆ, ಕೊಡವು, ಮುಂದೆ ಬಾ, ಮೂಲೆಗೆ ಮೂಲೆ ಕೂಡಿಸು, ಮಡಚು — ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯತನಕ ಇದೇ, ಕಟ್ಟಿಕೊಂಡ ಗಂಡನ ಎದುರಿಗೂ ಇಷ್ಟು ಸಲ ಹೋಗಿ ನಿಂತಿಲ್ಲ ಕಣೇ ನಾನು ಎಂದು ರೇಡಿಯೊ ಯಾವಾಗಲೋ ನಕ್ಕಿದ್ದಳು. ರೇಡಿಯೊ ಎನ್ನುವುದು ಅವಳ ಹೆಸರಲ್ಲ, ಬಾಯಿ ಮುಚ್ಚದವಳಿಗೆ ಲಾಂಡ್ರಿಯವರು ಇಟ್ಟದ್ದು, ಈಗಲೂ ಏನೋ ಬಿತ್ತರವಾಗುತ್ತಿದೆ, ನಾದಿನಿ ಕೊಂಡ ಫ್ರಿಜ್ಜು, ಫ್ರಿಜ್ಜಿನೊಳಗೆ ದೀಪ ಹತ್ತುವುದಿಲ್ಲ, ಹೂಂ, ಹೂಂ ಎಂದರೆ ಅವಳಿಗೆ ಸಾಕು, ಎಷ್ಟು ಸುಲಭ ಹೂಂ ಎನ್ನುವುದು, ತುಟಿ ಬಿಚ್ಚುವ ಶ್ರಮವೂ ಇಲ್ಲ. ಮಗಳು ಕೇಳಿದ್ದೂ ಅಷ್ಟೇ. ಅಮ್ಮಾ, ನೀನು ಹೂಂ ಅಂದ್ರೆ ಬರ್ತೀನಿ, ಉಹೂಂ ಅಂದ್ರೆ ಇಲ್ಲೇ ಇರ್ತೀನಿ, ಪುರಾಣ ಬೇಡ, ನಾಳೆ ನಿನ್ನ ಟೀ ಹೊತ್ತಿಗೆ ಫೋನ್ ಮಾಡ್ತೀನಿ — ನಾಳೆ ಎಂದದ್ದು ನಿನ್ನೆ, ಟೀ ಹೊತ್ತು ಇನ್ನೇನು ಬಂತು, ಗೋಡೆಯ ಗಡಿಯಾರ ನೋಡಬಾರದು, ನೋಡಿದರೆ ಬೇಗ ಓಡುತ್ತದೆ. ಮಗಳು ಚಿಕ್ಕಮ್ಮನ ಊರಿನಲ್ಲಿ ಕನ್ನಡಕದ ಅಂಗಡಿಯಲ್ಲಿದ್ದಾಳೆ, ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ ಈಗ ಸರಿಯಾಗಿ ಕಾಣ್ತಿದೆಯಾ ಎಂದು ಕೇಳುವ ಕೆಲಸ, ಅಂಗಡಿಯವನು ಈ ಊರಲ್ಲೂ ಒಂದು ಅಂಗಡಿ ತೆರೆಯುತ್ತಿದ್ದಾನೆ, ಹೋಗ್ತೀಯೇನಮ್ಮ ಎಂದಿದ್ದಾನೆ, ಇವತ್ತು ಸಂಜೆಯೊಳಗೆ ಹೇಳಬೇಕು. ಬಂದರೆ ಮನೆಯಲ್ಲೇ ಇರುತ್ತಾಳೆ, ಕಿಟಕಿ ಪಕ್ಕದ ಅವಳ ಹಳೇ ಮಂಚದಲ್ಲಿ, ಅಪ್ಪ ಇರುವ ಮನೆಯಲ್ಲಿ. ಅಪ್ಪ ನಿಜವಾಗ್ಲೂ ಬದಲಾಗಿದಾರಾ, ಚಿಕ್ಕಮ್ಮ ಎಲ್ಲಾ ನಾಟಕ ಅಂತಾರೆ, ಜೊತೆಗಿರೋಳು ನೀನು, ನೀನು ಹೇಳಿದ್ದನ್ನ ನಂಬ್ತೀನಿ. ನಂಬ್ತಾಳಂತೆ. ಈ ಮನೆಯವರಿಗೆಲ್ಲ ಈಗ ನಂಬುವುದೊಂದೇ ಉದ್ಯೋಗ. ಫೋನನ್ನು ಬಲಗಿವಿಗೆ ಹಿಡಿದೇ ಹೇಳಿರುತ್ತಾಳೆ, ಎಡಗಿವಿಗೆ ಹಿಡಿದು ಪ್ರಯೋಜನವಿಲ್ಲ, ಆ ಕಿವಿಗೆ ಬಿದ್ದದ್ದು ಅಮ್ಮನಿಗೆಂದು ಹೊರಟ ಅಪ್ಪನ ಏಟು, ನಡುವೆ ಯಾಕೆ ಬಂದು ನಿಂತಳೋ ಹುಡುಗಿ, ನಿಂತಳು, ಬಿತ್ತು, ರಕ್ತವೇನೂ ಬರಲಿಲ್ಲ, ಗೋಡೆಗೆ ಒರಗಿ ಕಿವಿಯೊಳಗೆ ಬೆರಳಿಟ್ಟು ಅಲ್ಲಾಡಿಸಿದಳು, ನೀರು ಹೋದವರು ಅಲ್ಲಾಡಿಸುವ ಹಾಗೆ, ಅಮ್ಮಾ ಏನೋ ಮುಚ್ಚಿಕೊಂಡಿದೆ ಎಂದಳು, ಅದು ಮತ್ತೆ ತೆರೆಯಲಿಲ್ಲ.

ಕುಡಿದು ಹೊಡೆಯುತ್ತಾನೆ ಎಂದು ಹೇಳಿಕೊಳ್ಳುವ ಭಾಗ್ಯವೂ ಇವಳಿಗಿರಲಿಲ್ಲ, ಅವನು ಟೀ ಕುಡಿದೇ ಹೊಡೆಯುತ್ತಿದ್ದ, ಕುಡಿತವಾದರೆ ಬಿಡಿಸಬಹುದು, ಬಾಟಲಿ ಒಡೆಯಬಹುದು, ಒಳಗೇ ಊರುವ ಸಿಟ್ಟನ್ನು ಯಾವ ಮೋರಿಗೆ ಸುರಿಯುವುದು. ಗ್ಯಾರೇಜಿನಲ್ಲಿ ಮಾತ್ರ ಅವನ ಕೈ ಚಿನ್ನ ಎನ್ನುತ್ತಾರೆ, ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವವನು, ಒಳಗಡೆಯಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ತಗಡನ್ನು ಅದರ ಜಾಗಕ್ಕೆ ಕರೆಯುತ್ತಾನೆ, ತಗಡಿನ ಮೇಲಿದ್ದ ತಾಳ್ಮೆ ಹೆಂಡತಿಯ ಮೇಲೆ ಇರಲಿಲ್ಲ. ಕಳ್ಳ ಕೆಲಸದವರು ಪುಟ್ಟಿ ಮೆತ್ತಿ ಬಣ್ಣ ಹೊಡೀತಾರೆ, ಕಣ್ಣಿಗೆ ಗೊತ್ತಾಗಲ್ಲ, ಬೆರಳಲ್ಲಿ ತಟ್ಟಿ ನೋಡು, ತಗಡಾದ್ರೆ ಠಣ್ ಅನ್ನುತ್ತೆ, ಪುಟ್ಟಿಯಾದ್ರೆ ಡಬ್ ಅನ್ನುತ್ತೆ, ಎಂದು ಮದುವೆಯಾದ ಹೊಸತರಲ್ಲಿ ಹೇಳಿಕೊಟ್ಟಿದ್ದ, ಆಗ ಊಟದ ಡಬ್ಬಿ ಕೊಡಲು ಹೋದವಳು ಸುಮ್ಮನೆ ನಿಂತು ನೋಡುವುದೂ ಇತ್ತು — ಏ, ಮೂಲೆ ಬಿಟ್ಟೆಯಲ್ಲೇ, ಯಾವ ಲೋಕದಲ್ಲಿದ್ದೀಯ, ರೇಡಿಯೊ ಗದರುತ್ತಾಳೆ, ಇಲ್ಲೇ ಇದೀನಿ, ಎಳೆ, ಕೊಡವು. ಮಗಳು ಚಿಕ್ಕಮ್ಮನ ಊರಿಗೆ ಹೋದ ಮೇಲೆ ಮನೆ ಬಿಕೋ ಎಂದಿತು, ಅವನು ಊಟದ ತಟ್ಟೆಯ ಮುಂದೆ ಕೂತು ಅನ್ನ ಹಿಸುಕುತ್ತಿದ್ದ, ಆಗಲೇ ಗ್ಯಾರೇಜಿಗೆ ಆ ಪಾಸ್ಟರ್ ಬಂದದ್ದು, ಮೊದಲು ವೈರಿಂಗ್ ಕೆಲಸ ಮಾಡಿಕೊಂಡಿದ್ದವನು, ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ, ಅವನ ಹಳೇ ಕಾರಿನ ಬಾಗಿಲನ್ನು ಇವನು ಸರಿಮಾಡುವಷ್ಟರಲ್ಲಿ ಅವನು ಇವನನ್ನು ಸರಿಮಾಡಲು ಹೊರಟ. ಟಯರ್ ಅಂಗಡಿಯ ಮೇಲಿನ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ರಬ್ಬರ್ ವಾಸನೆಯಲ್ಲೇ ಪ್ರಾರ್ಥನೆ, ನೀವು ಮಾಡಿದ್ದಕ್ಕೆ ಯೇಸು ಆಗಲೇ ಸತ್ತಾಗಿದೆ ಅಣ್ಣಾ, ನೀವು ಇನ್ನೊಂದು ಸಲ ಸಾಯೋದು ಬೇಕಾಗಿಲ್ಲ, ನಂಬಿ, ಅಷ್ಟೇ ಸಾಕು, ಹಳೇ ಮನುಷ್ಯ ನೀರಲ್ಲೇ ಉಳೀತಾನೆ, ಎದ್ದು ಬರೋನು ಹೊಸಬ. ದೀಕ್ಷಾಸ್ನಾನಕ್ಕೆ ಮುಳುಗಿಸಲು ತೊಟ್ಟಿ ಇರಲಿಲ್ಲ, ಇವನೇ ತಗಡು ಬೆಸೆದು ಮಾಡಿಕೊಟ್ಟ, ಯಾರ ಕೈಗೂ ತರಚಬಾರದೆಂದು ಅಂಚನ್ನು ಮಡಚಿ ಅರದಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ, ಕೊನೆಗೆ ಅದರಲ್ಲಿ ಮೊದಲು ಇಳಿದವನೂ ಇವನೇ. ಎಲ್ಲರೂ ಕಣ್ಣು ಮುಚ್ಚಿ ಎಂದ ಪಾಸ್ಟರ್, ತಾನೂ ಮುಚ್ಚಿಕೊಂಡ, ಎಲ್ಲರೂ ಮುಚ್ಚಿದರು, ಇವಳು ಮುಚ್ಚಲಿಲ್ಲ, ಭಕ್ತಿ ಕಡಿಮೆಯಾಗಿ ಅಲ್ಲ, ಆ ಮನುಷ್ಯ ಎದುರಿಗಿರುವಾಗ ಕಣ್ಣು ಮುಚ್ಚುವ ಅಭ್ಯಾಸ ತಪ್ಪಿ ಎಷ್ಟೋ ಕಾಲವಾಗಿತ್ತು. ಅದಕ್ಕೇ ಕಂಡದ್ದು. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ, ಮೊಣಕಾಲು, ಎಡಗೈ, ಎಲ್ಲ ನೀರಿನ ಕೆಳಗೆ, ಬಲಗೈ ಮಾತ್ರ ಹೊರಗೆ, ತೊಟ್ಟಿಯ ಅಂಚನ್ನು ಹಿಡಿದುಕೊಂಡಿದೆ, ಗೆಣ್ಣುಗಳು ಬೆಳ್ಳಗೆ, ಮಣಿಕಟ್ಟಿನವರೆಗೂ ಒಣ. ಅವನು ಎದ್ದ, ಜನ ಸ್ತೋತ್ರ ಎಂದರು, ಚಪ್ಪಾಳೆ ಬಿತ್ತು, ಇವಳು ಟವೆಲ್ ಚಾಚಿದಳು, ತೆಗೆದುಕೊಳ್ಳಲು ಮುಂದೆ ಬಂದದ್ದೂ ಅದೇ ಕೈ.

ಏಟು ನಿಂತಿತು, ಅದು ಸುಳ್ಳಲ್ಲ, ಅವತ್ತಿನಿಂದ ಒಂದು ಏಟಿಲ್ಲ, ಒಂದು ಕೆಟ್ಟ ಮಾತಿಲ್ಲ, ಏಯ್ ಎಂದು ಕರೆಯುತ್ತಿದ್ದವನು ನೋಡಮ್ಮಾ ಎನ್ನುತ್ತಾನೆ, ಒಮ್ಮೆ ಪ್ರಾರ್ಥನೆಯ ಹಾಲ್‌ನಲ್ಲಿ ಎಲ್ಲರನ್ನೂ ಬ್ರದರ್, ಸಿಸ್ಟರ್ ಎಂದು ಕರೆದ ರಭಸದಲ್ಲಿ ಹೆಂಡತಿಯನ್ನೂ ಸಿಸ್ಟರ್ ಎಂದುಬಿಟ್ಟ, ಅದನ್ನು ರೇಡಿಯೊಗೆ ಹೇಳಿದ್ದೇ ತಪ್ಪಾಯಿತು, ವಾರವಿಡೀ ಲಾಂಡ್ರಿಗೆಲ್ಲ ಪ್ರಸಾರ, ಏನಮ್ಮಾ, ನಿಮ್ಮ ಬ್ರದರ್ ಹೇಗಿದಾರೆ. ಭಾನುವಾರ ಎದ್ದು ನಿಂತು ಸಾಕ್ಷಿ ಹೇಳುತ್ತಾನೆ, ನಾನು ಮೃಗವಾಗಿದ್ದೆ, ಹೆಂಡತಿ ಮಗಳ ಮೇಲೆ ಕೈ ಮಾಡಿದೆ, ಈಗ ನಾನಲ್ಲ ನನ್ನೊಳಗೆ ಬೇರೆಯವನಿದ್ದಾನೆ, ಮುದುಕಿಯರು ಮೂಗು ಒರೆಸಿಕೊಳ್ಳುತ್ತಾರೆ, ಎಲ್ಲರೂ ತಿರುಗಿ ಇವಳ ಮುಖ ನೋಡುತ್ತಾರೆ, ಏನು ಮುಖ ಮಾಡಬೇಕೋ ತಿಳಿಯದೆ ಇವಳು ಕೈಚೀಲದಲ್ಲಿ ಏನೋ ಹುಡುಕುತ್ತಾಳೆ. ಅವನು ದೀಪ ಹಾಕಲು ಗೋಡೆಗೆ ಕೈ ಎತ್ತಿದರೆ ಈಗಲೂ ಇವಳ ಕತ್ತು ಹೆಗಲೊಳಗೆ ಇಳಿಯುತ್ತದೆ, ಹಾಡುವಾಗ ಕೈ ಎತ್ತಿದರೂ ಅಷ್ಟೇ, ಜನ ಸ್ವರ್ಗ ನೋಡುತ್ತಿರುತ್ತಾರೆ, ಇವಳು ಆ ಅಂಗೈ ನೋಡುತ್ತಿರುತ್ತಾಳೆ. ಒಂದು ದಿನ ಮೆಟ್ಟಿಲಿಳಿಯುವಾಗ ಪಾಸ್ಟರ್ ಹತ್ತಿರ ಸುತ್ತಿ ಬಳಸಿ ಕೇಳಿದ್ದಳು, ಮುಳುಗೋವಾಗ ಏನಾದ್ರೂ ಸ್ವಲ್ಪ ಮೇಲೆ ಉಳಿದುಬಿಟ್ರೆ. ಅವನು ನಕ್ಕ, ನೀರು ಏನೂ ಮಾಡಲ್ಲ ಅಕ್ಕಾ, ನೀರು ಗುರುತು ಅಷ್ಟೇ, ನಂಬಿದ ಗಳಿಗೇಲೇ ಎಲ್ಲಾ ಆಗಿಹೋಗುತ್ತೆ, ನಾಲ್ಕು ಕೂದಲು ಒಣಗಿದ್ರೆ ದೇವರು ಎಣಿಸ್ತಾ ಕೂರಲ್ಲ. ಕೂದಲು ಹೊಡೆಯುವುದಿಲ್ಲ ಎಂದುಕೊಂಡಳು. ನೀವು ಯಾವಾಗ ಇಳೀತೀರಾ ತೊಟ್ಟಿಗೆ ಎಂದ. ನಾನೇನು ಮಾಡಿದೀನಿ ಅಂತ ಇಳೀಲಿ, ಯಾರಿಗೂ ಕೈ ಎತ್ತಲಿಲ್ಲ, ಇದ್ದದ್ದನ್ನ ಬೇಯಿಸಿ ಹಾಕಿದೆ, ಬಿದ್ದದ್ದನ್ನ ತಿಂದೆ, ಮನೆ ಬಿಟ್ಟು ಓಡಲಿಲ್ಲ. ಪಾಸ್ಟರ್ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಹಾಗೇ ನಿಂತ, ನೀವು ಒಳ್ಳೆಯವರು ಅಕ್ಕಾ, ಅದೇ ನಿಮಗೆ ಅಡ್ಡ ನಿಂತಿರೋದು, ಅಣ್ಣನ ಹತ್ರ ದೇವರಿಗೆ ತೋರಿಸೋಕೆ ಒಳ್ಳೇದು ಏನೂ ಇರಲಿಲ್ಲ, ಅದಕ್ಕೆ ಬೇಗ ಇಳಿದ್ರು. ಎಳಸು ಮೀಸೆಯವನಿಗೆ ಎಂಥ ಬಾಯಿ, ಆ ರಾತ್ರಿ ಉರಿದುಹೋಯಿತು ಇವಳಿಗೆ, ಹಾಗಾದರೆ ಸಹಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯಾ, ಹೊಡೆದವನು ಒಂದು ಮಧ್ಯಾಹ್ನ ನೆನೆದು ಹೊಸಬನಾಗುವುದು, ತಿಂದವಳು ಹಳಬಳಾಗಿಯೇ ಉಳಿಯುವುದು, ಯಾವ ನ್ಯಾಯ ಇದು, ಆಮೇಲೆ ಉರಿ ಇಳಿದು ಆಯಾಸವೊಂದೇ ಉಳಿಯಿತು, ಆಯಾಸ ಎಂದರೆ ಮೈ ನೋವಲ್ಲ, ವರ್ಷದ ಮೇಲಾಯಿತು, ಕಾವಲುಗಾರನ ಹಾಗೆ ಒಬ್ಬ ಮನುಷ್ಯನನ್ನು ನೋಡುತ್ತ ಕೂತು, ಎಲ್ಲಿ ಬಿರುಕು, ಎಲ್ಲಿ ಹಳೆಯವನು ಇಣುಕುತ್ತಾನೆ, ಅವನ ಕೆಮ್ಮಿಗೂ ಕಿವಿ ನಿಮಿರಿಸಿಕೊಂಡು.

ಇವತ್ತು ಬೆಳಗ್ಗೆ ಅವನನ್ನೇ ತಟ್ಟಿ ನೋಡಿಬಿಟ್ಟಳು. ಮಗಳಿಗೆ ಉತ್ತರ ಕೊಡಬೇಕು, ಸುಮ್ಮನೆ ಕೊಡಲಾಗದು, ತಟ್ಟಿದರೆ ಗೊತ್ತಾಗುತ್ತೆ ಎಂದು ಹೇಳಿಕೊಟ್ಟವನೇ ಅವನು. ಅವನು ಶೂ ಕಟ್ಟಿ ಎದ್ದು ಅಡುಗೆಮನೆಯ ಬಾಗಿಲಲ್ಲಿ ಡಬ್ಬಿಗೆ ಕಾದು ನಿಂತಿದ್ದ, ಇವಳು ಪಾತ್ರೆ ಉಜ್ಜುತ್ತ ತಿರುಗದೆಯೇ ಹೇಳಿದಳು, ನಿಮಗೇನ್ರೀ, ಪುಕ್ಕಟೆ ಸಿಕ್ಕಿತು, ಯೇಸು ಸತ್ತಿದ್ದು ನಿಮಗೋಸ್ಕರ ಅಂತೀರಲ್ಲ, ಅವಳ ಕಿವಿ ಯಾರಿಗೋಸ್ಕರ ಸತ್ತಿತು. ಅವನು ಸುಮ್ಮನಿದ್ದ. ಸುಮ್ಮನಿದ್ದರೆ ಸಾಲದು, ಸದ್ದು ಬರಬೇಕು, ಇನ್ನೂ ಜೋರಾಗಿ ತಟ್ಟಬೇಕು, ಇವಳು ತಿರುಗಿ ನಿಂತಳು, ಹೊಸಬನಂತೆ, ನೀವು ಹೊಸಬರೂ ಅಲ್ಲ ಏನೂ ಅಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿರೋದು. ಅವನ ಕಸುಬಿನಲ್ಲಿ ಅದಕ್ಕಿಂತ ಕೆಳಗಿನ ಬೈಗುಳವಿಲ್ಲ. ಮುಖ ಬಂತು, ಆ ಹಳೇ ಮುಖ, ಗುರುತಿನ ಮುಖ, ನೋಡಿ ಒಂದು ಕ್ಷಣ ನಿರಾಳವೂ ಆಯಿತು, ಹೇಳಲು ನಾಚಿಕೆ, ಬಂದೆಯಾ, ನನಗೆ ಗೊತ್ತಿತ್ತು, ಇಷ್ಟು ದಿನ ಎಲ್ಲಿದ್ದೆ, ಬಲಗೈ ಮೇಲಕ್ಕೆದ್ದಿತು, ಇವಳ ಕತ್ತು ಹೆಗಲೊಳಗೆ ಇಳಿಯಿತು, ಕಣ್ಣು ಮಾತ್ರ ಮುಚ್ಚಲಿಲ್ಲ, ಕೈ ಬರಲಿಲ್ಲ. ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು. ಗೆಣ್ಣುಗಳು ಬೆಳ್ಳಗೆ. ಒಳಗಡೆಯಿಂದ ಚಿಲಕ ಹಾಕ್ಕೋ ಎಂದ, ಧ್ವನಿ ಕಿರಿದಾಗಿತ್ತು, ಹಾಕ್ಕೋ ಬೇಗ, ನಾನು ಹೋಗೋವರೆಗೂ ತೆಗೀಬೇಡ. ಇವಳು ಚಿಲಕಕ್ಕೆ ಕೈ ಹಾಕಲಿಲ್ಲ. ಚೌಕಟ್ಟು ಕರಕರ ಎಂದಿತು. ಅವನು ಇವಳನ್ನು ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದ, ಪಕ್ಕದ ಮನೆಯ ನಾಯಿಯನ್ನು ನೋಡುವ ಹಾಗೆ, ನೀನು ಅವತ್ತು ಕಣ್ಣು ಮುಚ್ಚಿರಲಿಲ್ಲ ಅಲ್ವಾ ಎಂದ. ಇಲ್ಲ ಎಂದಳು. ಗೊತ್ತಿತ್ತು ನನಗೆ, ಟವೆಲ್ ಕೊಡೋವಾಗ ಇದನ್ನೇ ನೋಡಿದೆ ನೀನು. ಇದೊಂದು ನೀರೊಳಗೆ ಬರಲಿಲ್ಲಮ್ಮಾ, ಅಂಚು ಬಿಡೋಕೆ ನೋಡಿದೆ, ಬಿಡಲಿಲ್ಲ. ದಿನಾ ದೇವರಿಗೆ ನಾನು ಹೇಳೋದು ಇಷ್ಟೇ, ಉಳಿದಿದ್ದೆಲ್ಲ ನಿನಗೆ ಕೊಟ್ಟೆ, ಇದೊಂದು ನನ್ನ ಹತ್ರ ಉಳ್ಕೊಂಡಿದೆ, ಇದನ್ನೂ ತಗೋ, ಇನ್ನೂ ತಗೊಂಡಿಲ್ಲ, ತಗೊಳ್ಳೋವರೆಗೂ ನಾನೇ ಹಿಡ್ಕೊಂಡಿರಬೇಕು. ಯಾವ ಭಾನುವಾರವೂ ಈ ಮಾತು ಸಾಕ್ಷಿಯಲ್ಲಿ ಬಂದಿಲ್ಲ, ಯಾರೂ ಇದಕ್ಕೆ ಸ್ತೋತ್ರ ಎಂದಿಲ್ಲ. ಬೆರಳು ಒಂದೊಂದಾಗಿ ಬಿಚ್ಚಿದ, ಹೋದ, ಡಬ್ಬಿ ಕಟ್ಟೆಯ ಮೇಲೇ ಉಳಿಯಿತು. ಎಂಥ ಸದ್ದು ಅದು, ಠಣ್ ಅಲ್ಲ, ಡಬ್ ಕೂಡ ಅಲ್ಲ, ಮದುವೆಯಾದ ಹೊಸತರಲ್ಲಿ ಅವನು ಹೇಳಿಕೊಟ್ಟದ್ದರಲ್ಲಿ ಇದು ಇರಲಿಲ್ಲ. ಹೊಸಬನಾದರೆ ಹಿಡಿದುಕೊಳ್ಳುವುದು ಯಾಕೆ, ಹಳಬನಾದರೆ ಚಿಲಕ ಹಾಕಿಕೋ ಎನ್ನುವುದು ಯಾಕೆ. ಅವನದು ಒಂದು ಕೈ ಒಣಗಿದೆ, ನೀನು — ಎಂದು ಯಾರೋ ಒಳಗಿನಿಂದ ಹೇಳಿದಂತಾಯಿತು, ಎಳಸು ಮೀಸೆಯವನ ಧ್ವನಿಯಲ್ಲೇ — ನೀನು ಅಡಿಯಿಂದ ಮುಡಿಯವರೆಗೂ ಒಣಗಿ ನಿಂತಿದ್ದೀಯಲ್ಲ ದಡದಲ್ಲಿ. ಇರಲಿ, ಆ ಲೆಕ್ಕ ಆಮೇಲೆ, ಯೇಸುವೇ, ನನ್ನದು ಆಮೇಲೆ ನೋಡೋಣ, ಈಗ ಮಗಳದ್ದು ಹೇಳು. ಇದನ್ನು ಪ್ರಾರ್ಥನೆ ಎನ್ನುವುದಾದರೆ ಇವಳ ಮೊದಲ ಪ್ರಾರ್ಥನೆ ಇದೇ, ಕೈಯಲ್ಲಿ ಶೀಟು ಹಿಡಿದುಕೊಂಡು.

ರೋಲರ್ ನಿಂತಿತು, ಟೀ, ರೇಡಿಯೊ ಸೊಂಟ ಹಿಡಿದು ಹೊರಟಳು, ಬಾರೇ, ಆರಿಹೋಗುತ್ತೆ, ನೀನು ಹೋಗು ಬರ್ತೀನಿ, ಸದ್ದು ನಿಂತ ಮೇಲೆ ಲಾಂಡ್ರಿ ಎಷ್ಟು ದೊಡ್ಡದು, ಆವಿ ಸೂರಿನಲ್ಲಿ ತೂಗುತ್ತಿದೆ, ಜೇಬಿನಲ್ಲಿ ಫೋನು ನಡುಗುತ್ತಿದೆ, ಒಂದು ಸಲ, ಇನ್ನೊಂದು ಸಲ. ಅಮ್ಮಾ. ಹೂಂ. ಇದು ಆ ಹೂಂ ತಾನೇ. ಅಲ್ಲ, ಇದು ಫೋನ್ ಎತ್ತಿದ ಹೂಂ. ಸರಿ, ಹೇಳು ಮತ್ತೆ, ಓನರ್ ಎದುರಿಗೇ ಕೂತಿದಾರೆ. ತುಟಿ ಬಿಚ್ಚುವ ಶ್ರಮವೂ ಇಲ್ಲದ ಮಾತು, ಹೂಂ ಎಂದರೆ ಆ ಮಂಚ, ಆ ಬಾಗಿಲು, ಉಳಿದ ಒಂದು ಕಿವಿ, ಉಹೂಂ ಎಂದರೆ — ಆ ಕೈಯನ್ನು ಹಿಡಿದುಕೊಂಡು ನಿಂತವನಿಗೆ ಇನ್ನು ಯಾವ ಆಸೆಗೆ ಹಿಡಿದುಕೊಂಡಿರು ಎಂದು ಹೇಳುವುದು. ಕಂಡದ್ದನ್ನು ಹೇಳಬಹುದು, ಅಷ್ಟೇ ತನ್ನ ಕೈಲಾಗುವುದು, ಕಣ್ಣು ಮುಚ್ಚದವಳ ಕೆಲಸ ಅಷ್ಟೇ. ಬೆಳಗ್ಗೆ ನಾನು ನಿಮ್ಮಪ್ಪನ್ನ ಕೆಣಕಿದೆ, ಬೇಕಂತಲೇ, ಕೇಳಬಾರದ್ದು ಕೇಳಿದೆ. ಅಯ್ಯೋ, ಯಾಕಮ್ಮಾ. ನಿನಗೆ ಉತ್ತರ ಹೇಳಬೇಕಿತ್ತಲ್ಲ. ಹೊಡೆದ್ರಾ. ಇಲ್ಲ. ಕೈ ಎತ್ತಿದ್ರಾ. ಎತ್ತಿದ್ರು. ಆಮೇಲೆ. ಬಾಗಿಲು ಹಿಡ್ಕೊಂಡ್ರು, ನನಗೆ ಒಳಗಡೆಯಿಂದ ಚಿಲಕ ಹಾಕ್ಕೋ ಅಂದ್ರು. ಮಗಳ ಹಿಂದೆ ಯಾರೋ ಗಿರಾಕಿ ದೂರದ ಗೋಡೆಯ ಅಕ್ಷರಗಳನ್ನು ಒಂದೊಂದೇ ಓದುತ್ತಿದ್ದಾನೆ, ಕೆಳಗಿನ ಸಾಲಿಗೆ ಬಂದು ತಡವರಿಸುತ್ತಿದ್ದಾನೆ. ಯಾವ ಕೈಲಿ ಹಿಡ್ಕೊಂಡ್ರು. ಆವಿ, ಮಡಚಿದ ಬಿಳಿ ಶೀಟುಗಳ ಗುಡ್ಡ, ಬಲಗೈ ಎನ್ನಬೇಕು, ನಿನ್ನ ಕಿವಿಗೆ ಬಂದ ಕೈಯೇ ಎನ್ನಬೇಕು, ಅದರಲ್ಲೇ ಎರಡೂ ಉತ್ತರ ಇದೆ ಎನ್ನಬೇಕು, ಅಮ್ಮಾ, ಯಾವ ಕೈಲಿ, ಎಂದು ಮಗಳು ಮತ್ತೆ ಕೇಳುತ್ತಾಳೆ, ಇವಳಿಗೆ ಕಾಣುತ್ತಿರುವುದು ನೀರು, ನೀರಿನ ಮೇಲೆ ತಗಡಿನ ನುಣ್ಣನೆಯ ಅಂಚು, ಅಂಚಿನ ಮೇಲೆ ಬೆರಳು, ಬೆಳ್ಳಗಿನ ಗೆಣ್ಣು, ಒಣ, ಬಿಡುತ್ತಿಲ್ಲ.