ಸೇತುವೆಗೆ ಅರ್ಧ ಗಂಟೆ

ಮೂಗು ಎಷ್ಟು ಉದ್ದ ಇರಬೇಕು ಎಂದು ಪರದೆಯ ಮೇಲಿನ ಆಟ ಕೇಳಿತು.

ಮುಕುಂದಯ್ಯ ಮೌಸಿನಿಂದ ಕೈ ತೆಗೆದ. ಹನ್ನೊಂದು ವರ್ಷದಿಂದ ಅವನು ಸಾಗರದ ಒಂದು ಸೇವಾ ಕೇಂದ್ರದ ಆಧಾರ್ ಕೌಂಟರಿನಲ್ಲಿ ಕೂತು ಊರವರ ಮುಖಗಳನ್ನು ದಾಖಲೆಗೆ ಸೇರಿಸುತ್ತಿದ್ದ. ತಲೆ ಎತ್ತಿ, ಕಣ್ಣು ಮಿಟುಕಿಸಬೇಡಿ, ನಗಬೇಡಿ. ಇದ್ದ ಮೂಗು ಇದ್ದ ಹಾಗೆ. ಎಂಥ ಮೂಗು ಬೇಕೆಂದು ಅವನು ಯಾರನ್ನೂ ಕೇಳಿರಲಿಲ್ಲ. ಅವನನ್ನೂ ಯಾರೂ ಕೇಳಿರಲಿಲ್ಲ.

"ಎಂತ ಸಾರ್, ಇನ್ನೂ ಮೂಗಲ್ಲೇ ಇದೀರಾ?" ಭಾನುವಾರವೂ ಕಂಪ್ಯೂಟರ್ ಬಾಡಿಗೆಗೆ ಕೊಡುವ ಸೈಬರ್ ಅಂಗಡಿಯ ಕಿರಣ್ ಜೆರಾಕ್ಸ್ ಮಷೀನಿನ ಹಿಂದಿನಿಂದ ಕೇಳಿದ. "ಹೆಣ್ಣು ನೋಡೋಕೂ ಇಷ್ಟು ಹೊತ್ತು ತಗೊಂಡಿರ್ಲಿಕ್ಕಿಲ್ಲ ನೀವು."

"ಆಮೇಲೆ ಬದಲಾಯಿಸೋಕೆ ಆಗ್ತದಾ?"

"ಆಗ್ತದೆ."

"ಏನು ದಾಖಲೆ ಕೊಡಬೇಕು?"

ಕಿರಣ್ ಅವನನ್ನು ಒಂದು ಕ್ಷಣ ನೋಡಿದ. "ಎಂತದೂ ಬೇಡ ಮಾರಾಯ್ರೆ. ಹೆಸರು ಹಾಕಿ, ಒಳಗೆ ಹೋಗಿ."

ಮುಕುಂದಯ್ಯ ತನ್ನ ಹೆಸರನ್ನೇ ಹಾಕಿದ. ಅದು ಅಜ್ಜನ ಹೆಸರು. ಮೂವತ್ತೊಂಬತ್ತು ವರ್ಷವಾದರೂ ಎರವಲು ಕೋಟಿನ ಹಾಗೆ ಭುಜದ ಹತ್ತಿರ ಸಡಿಲವಾಗಿತ್ತು. ಬೇರೆ ಏನನ್ನಾದರೂ ಹಾಕಬಹುದಿತ್ತು. ಪುರಾವೆಯಿಲ್ಲದ ಹೆಸರು ಬರೆಯಲು ಬೆರಳು ಒಪ್ಪಲಿಲ್ಲ. ಆಟ ಏನೂ ವಿಚಾರಿಸದೆ ಒಪ್ಪಿಕೊಂಡಿತು. ಅವನಿಗೆ ಸ್ವಲ್ಪ ನಿರಾಸೆಯಾಯಿತು.

ಆಗ ಗಂಟೆ ಎರಡೂ ಹತ್ತು. ನಾಲ್ಕಕ್ಕೆ ಆಟದೊಳಗಿನ ಸೇತುವೆಯ ಹತ್ತಿರ ಇರುತ್ತೇನೆ ಎಂದಿದ್ದಳು ಶರಾವತಿ.

ಶರಾವತಿ ಅವನ ಹೆಂಡತಿ. ತೀರ್ಥಹಳ್ಳಿಯಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮದುವೆಯಾದ ಹೊಸದರಲ್ಲಿ ಅವನು ನಕಾಶೆ ನೋಡಿ, ಬಸ್ಸಿನ ವೇಳೆ ನೋಡಿ, ಹೊಸನಗರದಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದ. ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ. ಯಾರಿಗೂ ಅನ್ಯಾಯವಾಗಬಾರದು. ಬೆಳಿಗ್ಗೆ ಏಳಕ್ಕೆ ಒಬ್ಬರು ಒಂದು ದಿಕ್ಕಿಗೆ, ಇನ್ನೊಬ್ಬರು ಇನ್ನೊಂದು ದಿಕ್ಕಿಗೆ. ಮೊದಲು ಅವಳು ವಾರಕ್ಕೆರಡು ದಿನ ತೀರ್ಥಹಳ್ಳಿಯಲ್ಲೇ ಉಳಿದಳು. ಆಮೇಲೆ ಅವನು ಸಾಗರದಲ್ಲಿ ಒಂದು ಕೋಣೆ ಮಾಡಿಕೊಂಡ. ನಡುವಿನ ಮನೆ ಈಗಲೂ ಇದೆ. ಕೀಲಿ ಇಬ್ಬರ ಹತ್ತಿರವೂ ಇದೆ.

ಫೋನಿನಲ್ಲಿ ಅವರು ಊಟ ಆಯಿತಾ ಎಂದು ಕೇಳಿಕೊಳ್ಳುತ್ತಾರೆ. ಆಗಿರುತ್ತದೆ.

ಈಗ ವರ್ಗಾವಣೆಯ ಅರ್ಜಿ ಬಂದಿತ್ತು. ಸಾಗರಕ್ಕೆ ಬರುವುದೋ, ತೀರ್ಥಹಳ್ಳಿಯಲ್ಲೇ ಉಳಿಯುವುದೋ, ಸೋಮವಾರ ಸಂಜೆಯೊಳಗೆ ಅವಳು ತುಂಬಬೇಕು. ಇನ್ನೊಮ್ಮೆ ಅವಕಾಶ ಬರಲು ಐದು ವರ್ಷ. "ಎಂತ ಮಾಡ್ಲಿ?" ಎಂದು ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನು "ನಿನ್ನ ಇಷ್ಟ" ಎಂದಿದ್ದ. ಅದು ಗೌರವ ಎಂದು ಅವನು ತಿಳಿದಿದ್ದ. ಮೂರನೆಯ ಸಲ ಅವಳು ಆಟದ ವಿಷಯ ಹೇಳಿದಳು. ಕೋವಿಡ್ ಕಾಲದಲ್ಲಿ ಹದಿನಾಲ್ಕು ದಿನ ಕೋಣೆಯೊಳಗಿದ್ದಾಗ ಶುರುಮಾಡಿದ್ದಂತೆ. ಇಷ್ಟು ವರ್ಷ ಅವನಿಗೆ ಗೊತ್ತೇ ಇರಲಿಲ್ಲ.

"ಅಲ್ಲಿ ಬನ್ನಿ. ಅಲ್ಲಿ ಮಾತಾಡೋಣ. ಫೋನಲ್ಲಿ ನಂಗೆ ಸಾಕಾಯ್ತು."

"ನಿನ್ನ ಗುರುತು ಹಿಡಿಯೋದು ಹೇಗೆ?"

"ಕೋಡಿದೆ. ಬೆನ್ನಲ್ಲಿ ಕೊಡಲಿ. ಹೆಸರು ಭೂತಪ್ಪ."

"ಗಂಡಸಾ?"

"ಹೌದು."

"ಯಾಕೆ?"

"ದಾರೀಲಿ ಯಾರೂ ಸುಮ್‌ಸುಮ್ನೆ ಮಾತಾಡ್ಸಲ್ಲ."

ಅವಳು ದಾರಿ ಹೇಳಿದಳು. ಹೊಸಬರೆಲ್ಲ ಒಂದು ಹಳ್ಳಿಯಲ್ಲಿ ಕಣ್ಣು ಬಿಡುತ್ತಾರೆ. ಅಲ್ಲಿ ಮರದ ಕೆಳಗೆ ಊರ ಹಿರಿಯನಿದ್ದಾನೆ. ಅವನು ಕೊಡುವ ಮೊದಲ ಕೆಲಸ ಮಾಡಿದರೆ ಹಳ್ಳಿಯ ಬಾಗಿಲು ತೆರೆಯುತ್ತದೆ. ಬಾಗಿಲಾಚೆ ಸೇತುವೆ. "ಅರ್ಧ ಗಂಟೆ ಸಾಕು," ಎಂದಿದ್ದಳು.

ಅವನು ಹಳ್ಳಿಯಲ್ಲಿ ಕಣ್ಣು ಬಿಟ್ಟ. ನೀಲಿ ಆಕಾಶ, ಕೋಳಿಗಳು, ಒಂದು ಬಾವಿ. ಮೊದಲ ಹೆಜ್ಜೆ ಹಿಂದಕ್ಕೆ ಹೋಯಿತು. ಅವನು ತಪ್ಪು ಕೀಲಿ ಒತ್ತಿದ್ದ. ಬಾವಿಯ ಪಕ್ಕ ಸೂಚನಾ ಫಲಕವಿತ್ತು. ನಿಂತು ಎಲ್ಲವನ್ನೂ ಓದಿದ. ಅವನ ಸುತ್ತ ಕತ್ತಿ ಹಿಡಿದವರು, ರೆಕ್ಕೆಯವರು, ನರಿಮುಖದವರು ಓಡುತ್ತಿದ್ದರು. ಯಾರೂ ಫಲಕ ಓದಲಿಲ್ಲ.

ಮರದ ಕೆಳಗೆ ಬಿಳಿ ಗಡ್ಡದ ಹಿರಿಯ ನಿಂತಿದ್ದ. ತಲೆಯ ಮೇಲೆ ಒಂದು ಹಳದಿ ಗುರುತು ಮಿನುಗುತ್ತಿತ್ತು. ಅವನ ಎದುರು ಮೂವರು, ಒಬ್ಬರ ಹಿಂದೆ ಒಬ್ಬರು.

ಮುಕುಂದಯ್ಯ ಮೂರನೆಯವನ ಹಿಂದೆ ಹೋಗಿ ನಿಂತ.

ಹತ್ತು ನಿಮಿಷ ಕಳೆಯಿತು. ಸಾಲು ಸರಿಯಲಿಲ್ಲ. ಅವನಿಗೆ ಬೇಸರವಾಗಲಿಲ್ಲ. ಕೌಂಟರಿನ ಈ ಕಡೆ ನಿಲ್ಲುವುದು ಹೇಗಿರುತ್ತದೆಂದು ಅವನು ಮರೆತೇ ಬಿಟ್ಟಿದ್ದ. ಮುಂದಿನವನ ಬೆನ್ನು ಕಾಣುತ್ತದೆ, ಅಷ್ಟೆ. ಯಾರೂ ನಿನ್ನಿಂದ ಏನನ್ನೂ ಕೇಳುವುದಿಲ್ಲ.

ನರಿಮುಖದವನೊಬ್ಬ ಬಂದು ಅವನ ಸುತ್ತ ಒಂದು ಸುತ್ತು ಹಾಕಿದ. ಇಲ್ಲಿ ಏನು ನಡೆಯುತ್ತಿದೆ ಎಂದು ಅವನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿತು. ಮುಕುಂದಯ್ಯನ ಬೆರಳುಗಳು ಅಭ್ಯಾಸಬಲದಿಂದ ಕನ್ನಡದಲ್ಲಿ ಹೊಡೆದವು. ಅವನ ತಲೆಯ ಮೇಲೆ ಖಾಲಿ ಚೌಕಗಳ ಒಂದು ಸಾಲು ಬಂದು, ಸ್ವಲ್ಪ ಹೊತ್ತು ನಿಂತು, ಮಾಯವಾಯಿತು.

"ಅದಕ್ಕೆ ಕನ್ನಡ ಬರಲ್ಲ ಸಾರ್," ಎಂದ ಕಿರಣ್, ದೂರದಿಂದಲೇ.

ಅವನು ಅರ್ಜಿ ಬರೆಯುವ ಇಂಗ್ಲಿಷಿನಲ್ಲಿ ಬರೆದ: ನನ್ನ ಸರದಿಗಾಗಿ ಕಾಯುತ್ತಿದ್ದೇನೆ, ದಯವಿಟ್ಟು ತಾವೂ ಸಾಲಿನಲ್ಲಿ ನಿಲ್ಲಬೇಕಾಗಿ ವಿನಂತಿ.

ನರಿ ಅವನ ಹಿಂದೆ ಹೋಗಿ ನಿಂತಿತು. ಅದನ್ನು ನೋಡಿ ರೆಕ್ಕೆಯವಳೊಬ್ಬಳು ನಿಂತಳು. ಆಮೇಲೆ ಇನ್ನಿಬ್ಬರು.

"ಸಾರ್, ಇವತ್ತು ಆಗ್ತದಾ?"

ಅವನು ಬೆಚ್ಚಿ ತಿರುಗಿದ. ಹೆಗ್ಗೋಡು ಕಡೆಯ ಜಲಜಮ್ಮ. ಕೈಯಲ್ಲಿ ಜೆರಾಕ್ಸ್ ಮಾಡಿಸಿದ ಕಾಗದಗಳು. ವರ್ಷಗಟ್ಟಲೆ ಅಡಿಕೆ ಸುಲಿದು ಸುಲಿದು ಅವಳ ಬೆರಳಿನ ಗೆರೆಗಳು ಸವೆದಿದ್ದವು. ಮಷೀನು ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ.

"ಇವತ್ತು ಭಾನುವಾರ, ಜಲಜಮ್ಮ."

"ಗೊತ್ತು. ಮೂರು ಸಲ ವಾಪಸ್ ಕಳ್ಸಿದ್ರಲ್ಲ, ಕಂಡಾಗ ಕೇಳಿಡೋಣ ಅಂತ." ಅವಳು ಪರದೆಗೆ ಬಗ್ಗಿದಳು. "ಇದ್ಯಾರು?"

"ನಾನೇ."

"ನಿಮ್ ತರ ಇಲ್ಲ." ಇನ್ನಷ್ಟು ಬಗ್ಗಿದಳು. "ಅಲ್ಲೂ ಸಾಲಾ?"

"ಹೂಂ."

"ಎಷ್ಟೊತ್ತಾಯ್ತು ನಿಂತ್ಕಂಡು?"

"ಮುಕ್ಕಾಲು ಗಂಟೆ."

ಜಲಜಮ್ಮನ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. "ಬಸ್ಸು ಐದಕ್ಕೆ. ನೋಡೇ ಹೋಗ್ತೀನಿ."

ಮೂರೂವರೆಗೆ ಕಿರಣ್ ಚಹಾದ ಲೋಟ ಹಿಡಿದು ಬಂದು ಪರದೆ ನೋಡಿದ. ಲೋಟ ಕೆಳಗಿಟ್ಟ.

"ಸಾರ್. ಇಲ್ಲಿ ಸಾಲಿಲ್ಲ."

"ಇದೆಯಲ್ಲ."

"ನೀವು ಮಾಡಿದ್ದು. ಮುಂದಿನ ಮೂವರು ಗೊಂಬೆ ನಿಲ್ಸಿ ಊಟಕ್ಕೋ ಎಲ್ಲಿಗೋ ಎದ್ದು ಹೋಗಿದಾರೆ. ಹಿರಿಯನ ಮೇಲೆ ಕ್ಲಿಕ್ ಮಾಡಿದ್ರೆ ಆಯ್ತು. ಸಾವಿರ ಜನ ಬಂದ್ರೂ ಒಟ್ಟಿಗೇ ಮಾತಾಡ್ತಾನೆ ಅವ್ನು."

"ಎಲ್ಲರ ಹತ್ರವೂ?"

"ಎಲ್ಲರ ಹತ್ರವೂ. ಒಂದೇ ಮಾತು."

ಮುಕುಂದಯ್ಯ ಹಿಂದೆ ನೋಡಿದ. ಹದಿನಾಲ್ಕು ಮಂದಿ. "ಇವರಿಗೆ ಗೊತ್ತಾ?"

"ಗೊತ್ತಿಲ್ದೆ ಏನು. ತಮಾಷೆಗೆ ನಿಂತಿದಾರೆ."

ಅವನು ನಂಬಲಿಲ್ಲ. ತಮಾಷೆಗೆ ಯಾರಾದರೂ ಸಾಲಿನಲ್ಲಿ ನಿಲ್ಲುತ್ತಾರೆಯೇ. ತನ್ನ ವಿನಂತಿ ಓದಿ ನಿಂತವರು. ಅವರನ್ನು ಬಿಟ್ಟು ತಾನೊಬ್ಬನೇ ಮುಂದೆ ನುಗ್ಗಿದರೆ ಏನೆಂದುಕೊಂಡಾರು.

"ಸಾಲು ಬಿಡ್ಬೇಡಿ ಸಾರ್," ಎಂದಳು ಜಲಜಮ್ಮ. ಅದು ಅವನದೇ ಮಾತು, ಅವನದೇ ಧಾಟಿ.

ನಾಲ್ಕಕ್ಕೆ ಫೋನು ಮಿನುಗಿತು. 'ಬಂದಿದೀನಿ.'

'ಸಾಲಿನಲ್ಲಿದ್ದೇನೆ' ಎಂದು ಬರೆದ.

'ಎಂತ ಸಾಲು?'

ಅವನು ಫೋನನ್ನು ಪಕ್ಕಕ್ಕಿಟ್ಟ.

ಆಗ ಅವನಿಗೆ ಆ ದಿನ ನೆನಪಾಯಿತು. ನೆನಪಾಗದಂತೆ ಎಂಟು ವರ್ಷ ನೋಡಿಕೊಂಡಿದ್ದ ದಿನ. ಹೊಸನಗರದ ಮನೆಯ ವಿಳಾಸ ಹಾಕಿಸಲು ಶರಾವತಿ ಅವನ ಕೌಂಟರಿಗೆ ಬಂದಿದ್ದಳು. ಸಾಲಿನ ಕೊನೆಯಿಂದ ಕೈ ಎತ್ತಿದ್ದಳು, ಸಣ್ಣಗೆ ನಕ್ಕಿದ್ದಳು. ಅವನು ಕಾಣದವನಂತೆ ಇದ್ದ. ನಮ್ಮವರನ್ನು ಮುಂದೆ ಕರೆಯಬಾರದು. ಒಂದು ಗಂಟೆ ನಲವತ್ತು ನಿಮಿಷ ಅವಳು ನಿಂತಳು. ಸರದಿ ಬಂದಾಗ ಅವನು "ತಲೆ ಎತ್ತಿ, ನಗಬೇಡಿ" ಎಂದ. ಅವಳು ನಗಲಿಲ್ಲ. ಬೆರಳಚ್ಚು ಆದ ಮೇಲೆ "ಮುಂದಿನವರು" ಎಂದ. ಸಂಜೆ ಬಸ್ಸಿನಲ್ಲಿ ಕೂಡ ಅವಳು ಆ ಮಾತೆತ್ತಲಿಲ್ಲ. ತಾನು ಸರಿಯಾಗಿಯೇ ಮಾಡಿದೆ ಎಂದು ಅವನಿಗೆ ಖಾತ್ರಿಯಿತ್ತು. ಈಗ ಆ ಖಾತ್ರಿ ಇರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಹಳ್ಳಿಯ ಬಾಗಿಲು ಹೊರಗಿನಿಂದ ತೆರೆಯಿತು.

ಬಂದವನು ಮನೆಗಳ ಮಾಡಿಗಿಂತ ಎತ್ತರವಿದ್ದ. ಎರಡು ಕೋಡು, ಬೆನ್ನಿಗೆ ಕೊಡಲಿ. ಕೋಳಿಗಳು ಚದುರಿದವು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಆಟದಲ್ಲಿ ಅಷ್ಟು ಬೆಳೆದವರು ಈ ಹಳ್ಳಿಗೆ ಮತ್ತೆ ಬರುವುದಿಲ್ಲವಂತೆ, ಬರಲು ಕಾರಣವಿಲ್ಲವಂತೆ; ಕಿರಣ್ ಹೇಳಿದ.

"ಅಯ್ಯಪ್ಪ," ಎಂದಳು ಜಲಜಮ್ಮ. "ಇದ್ಯಾರು?"

"ನಮ್ಮನೆಯವಳು."

ಜಲಜಮ್ಮ ಕೋಡುಗಳನ್ನು ನೋಡಿದಳು, ಅವನನ್ನು ನೋಡಿದಳು.

ಭೂತಪ್ಪ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. ನೇರ ತನ್ನ ಬಳಿಗೆ ಬರುತ್ತಾಳೆ ಎಂದುಕೊಂಡ ಮುಕುಂದಯ್ಯ. ಬರಲಿಲ್ಲ. ಅವಳು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಫೋನು ಮಿನುಗಿತು. 'ನಿಮ್ಮ ಹಿಂದೆ ಎಷ್ಟು ಜನ?'

ಅವನು ಎಣಿಸಿದ. 'ಇಪ್ಪತ್ತೆರಡು.'

'ಸರಿ. ನಾನು ಇಪ್ಪತ್ತಮೂರು.'

'ಮುಂದೆ ಬಾ' ಎಂದು ಬರೆದ. ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತು. ಅಳಿಸಿದ.

ಅಷ್ಟರಲ್ಲಿ ಎದುರಿನ ಮೂವರಲ್ಲಿ ಒಬ್ಬ ಗಾಳಿಯಲ್ಲಿ ಕರಗಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ಕೊನೆಯವನು ಎಚ್ಚರಗೊಂಡವನಂತೆ ಎಲ್ಲಿಗೋ ಓಡಿದ. ಈಗ ಹಿರಿಯನಿಗೂ ಮುಕುಂದಯ್ಯನಿಗೂ ನಡುವೆ ಯಾರೂ ಇರಲಿಲ್ಲ. ಹಳದಿ ಗುರುತು ಅವನಿಗಾಗಿಯೇ ಎಂಬಂತೆ ಮಿನುಗಿತು.

"ನಿಮ್ದೇ ಸಾರ್ ಈಗ," ಎಂದಳು ಜಲಜಮ್ಮ. ಅವಳ ದನಿಯಲ್ಲಿ ಮೂರು ಸಲ ವಾಪಸಾದವಳ ಆಸೆಯಿತ್ತು.

ಮುಕುಂದಯ್ಯ ಹಿರಿಯನನ್ನು ನೋಡಿದ. ಒಂದೇ ಮಾತು, ಎಲ್ಲರಿಗೂ. ಅವನು ತನ್ನ ಗೊಂಬೆಯನ್ನು ತಿರುಗಿಸಿದ.

"ಎಲ್ಲಿಗೆ ಸಾರ್?" ಕಿರಣ್ ಕೇಳಿದ. ನರಿಯೂ ಅದನ್ನೇ ಬರೆಯಿತು: ಎಲ್ಲಿಗೆ, ನಿನ್ನ ಸರದಿ ಬಂತಲ್ಲ.

ಅವನು ಸಾಲಿನ ಪಕ್ಕದಲ್ಲಿ ನಡೆದ. ಓಡುವ ಕೀಲಿ ಯಾವುದೆಂದು ಇನ್ನೂ ಗೊತ್ತಿರಲಿಲ್ಲ. ನರಿ, ರೆಕ್ಕೆಯವಳು, ಕುಳ್ಳ, ಮೈಯೆಲ್ಲ ಕಬ್ಬಿಣದವನು. ಕೆಲವರು ಅವನಿಗೆ ಬಗ್ಗಿ ನಮಸ್ಕರಿಸಿದರು. ಯಾಕೆಂದು ತಿಳಿಯಲಿಲ್ಲ. ಇಪ್ಪತ್ತೆರಡು ಮಂದಿಯನ್ನು ದಾಟುವುದು ಹೊಸನಗರದ ಬಸ್ಸಿಗಿಂತ ನಿಧಾನವಾಗಿತ್ತು.

ಭೂತಪ್ಪನ ಮುಖ ಹತ್ತಿರದಿಂದ ಕಂಡಿತು. ಆ ಮೂಗನ್ನು ಅವಳು ಒಂದು ದಿನ ಕೂತು ಆರಿಸಿದ್ದಾಳೆ. ಚಪ್ಪಟೆ, ದೊಡ್ಡದು, ಎಲ್ಲೋ ಮುರಿದು ಕೂಡಿದ್ದು. ಯಾಕೆ ಇಂಥದು ಎಂದು ಕೇಳಬೇಕು.

ಸಾಲಿನಲ್ಲಿ ಅವನಿಗೆ ಉಳಿದಿದ್ದ ಜಾಗ ಒಂದೇ. ಹೋಗಿ ಅವಳ ಹಿಂದೆ ನಿಂತ. ಈಗ ಕಂಡದ್ದು ಕೊಡಲಿ ಮಾತ್ರ.

ಅವನು ಬರೆದ. ಇಂಗ್ಲಿಷ್ ಹುಡುಕಲು ಹೋಗಲಿಲ್ಲ. ಅದು ಆ ಭಾಷೆಯಲ್ಲಿ ಬರುವ ಮಾತಾಗಿರಲಿಲ್ಲ. 'ಸಾಗರ ಅಂತ ಬರಿ. ನನ್ನ ಇಷ್ಟ ಅದು.' ಈ ಸಲ ಬೆರಳು ನಿಲ್ಲಲಿಲ್ಲ.

ಅವನ ತಲೆಯ ಮೇಲೆ ಖಾಲಿ ಚೌಕಗಳು ಮೂಡಿದವು.

"ಎಂತ ಬರ್ದ್ರಿ?" ಎಂದಳು ಜಲಜಮ್ಮ.

ಫೋನು ಪಕ್ಕದಲ್ಲೇ ಇತ್ತು. ಎತ್ತಿಕೊಂಡು ಅದನ್ನೇ ಅದರಲ್ಲಿ ಬರೆದರೆ ಮುಗಿಯುತ್ತಿತ್ತು. ಫೋನಲ್ಲಿ ಸಾಕಾಯ್ತು ಎಂದಿದ್ದಳಲ್ಲ, ಎತ್ತಿಕೊಳ್ಳಲಿಲ್ಲ.

ಭೂತಪ್ಪ ನಿಧಾನವಾಗಿ ತಿರುಗಿದ. ಚೌಕಗಳು ಇನ್ನೂ ಅಲ್ಲೇ ಇದ್ದವು. ಕೋಡುಗಳ ತಲೆ ಅವುಗಳ ಕಡೆಗೆ ಬಾಗಿತು, ಓದುವವರ ಹಾಗೆ, ಅವು ಮಾಸುವ ತನಕ. ಆಮೇಲೆ ಅವಳ ತಲೆಯ ಮೇಲೂ ಚೌಕಗಳು ಬಂದವು. ಅವನದಕ್ಕಿಂತ ಉದ್ದವಾದ ಸಾಲು. ಅಷ್ಟು ಉದ್ದದ ಮಾತನ್ನು ಅವಳು ಅವನಿಗೆ ಹೇಳಿ ಎಷ್ಟೋ ಕಾಲವಾಗಿತ್ತು.

ಮುಂದೆ, ಮರದ ಕೆಳಗೆ, ನರಿಯ ಸರದಿ ಮುಗಿಯಿತು. ಸಾಲು ಅಲುಗಿತು. ಭೂತಪ್ಪ ಮುಂದಕ್ಕೆ ತಿರುಗಿ ಒಂದು ಹೆಜ್ಜೆ ಇಟ್ಟು ನಿಂತ. ಮುಕುಂದಯ್ಯ ಕೀಲಿಯನ್ನು ಒಮ್ಮೆ ಒತ್ತಿದ. ಗೊಂಬೆ ಮುಂದಕ್ಕೇ ಹೋಯಿತು.

ಹಳ್ಳಿಯ ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಅದರಾಚೆ, ಬಿಸಿಲಿನಲ್ಲಿ, ಸೇತುವೆ ಕಾಣುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.