ಹತ್ತು ತೆನೆಯ ಮನೆ

ಆ ವರ್ಷ ಮಳೆ ಹಿಡಿದಾಗ ತಾಂಡಾದ ಮಂದಿಗೆಲ್ಲ ತಮ್ಮ ತಮ್ಮ ಮನೆಯ ಚಿಂತೆ. ತುಳಜಾಳಿಗೆ ಮಾತ್ರ ನೀಲಾಳ ಮನೆಯ ಚಿಂತೆ. ಅದು ಎಲ್ಲಿ ಬೀಳುತ್ತದೋ ಎಂಬ ಚಿಂತೆಯಲ್ಲ, ಇನ್ನೂ ಬೀಳಲಿಲ್ಲವಲ್ಲ ಎಂಬ ಚಿಂತೆ.

ತಮ್ಮ ಮನೆಯಲ್ಲಿ ಸೋರುವ ಜಾಗಕ್ಕೆಲ್ಲ ಕೊಡ, ಪಾತೇಲಿ, ಪರಾತ ಇಟ್ಟು, ಬೆಳಗಾದ ಕೂಡಲೇ ಕಿಟಕಿ ತೆರೆದು ಆಚೆ ಓಣಿಯ ಕಡೆ ನೋಡುವಳು. ಮಣ್ಣಿನ ಇಟ್ಟಿಗೆಯ ಮನೆ. ಇಂಥ ಮಳೆಗೆ ಒಂದು ಮೂಲೆಯಾದರೂ ಕರಗಬೇಡವೇ? ಕರಗಿರುತ್ತಿರಲಿಲ್ಲ. ಹಂಚು ತೊಳೆದು ಕೆಂಪಗೆ ಹೊಳೆಯುತ್ತಿರುತ್ತಿತ್ತು. 'ಇದು ಒಳ್ಳೆಯವರು ನೋಡುವ ನೋಟವಲ್ಲ, ತುಳಜಾ' ಎಂದು ತನಗೆ ತಾನೇ ಹೇಳಿಕೊಂಡು ಕಿಟಕಿ ಮುಚ್ಚುವಳು. ಮರುದಿನ ಮತ್ತೆ ತೆರೆಯುವಳು.

ನೀಲಾ ಬೇರೆ ಯಾರೂ ಅಲ್ಲ, ದೊಡ್ಡಪ್ಪನ ಮಗಳು. ಮುಂಡಗೋಡದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಅಂಕ ತುಳಜಾಳಿಗೆ ಹೆಚ್ಚು, ಮಾತು ನೀಲಾಳಿಗೆ ಹೆಚ್ಚು. ಮಾತು ಬಲ್ಲವಳಿಗೆ ಊರೆಲ್ಲ ನೆಂಟರು ನೋಡಿ. ಎಲ್ಲಿಯೋ ತರಬೇತಿಗೆ ಹೋಗಿ ಬಂದಳು, ಮಣ್ಣಿಗೆ ಚೂರು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿಸಿದಳು, ಸುಡದೆ ಒಣಗಿಸಿ ಮನೆ ಕಟ್ಟಿಸಿದಳು. ಅಂದಿನಿಂದ ಹಳಿಯಾಳದಿಂದ, ಜೋಯಿಡಾದಿಂದ ಸ್ವಸಹಾಯ ಸಂಘದ ಹೆಂಗಸರು ಟೆಂಪೋ ಮಾಡಿಕೊಂಡು ಬಂದು ಆ ಮನೆ ನೋಡಿ ಹೋಗುತ್ತಿದ್ದರು. ನೀಲಾ ವಿವರಿಸುವಳು. ತುಳಜಾ ಚಹಾ ಕೊಡುವಳು. "ಇಕಿ ಯಾರು?" ಎಂದು ಯಾರಾದರೂ ಕೇಳಿದರೆ, "ನಮ್ಮ ತಂಗಿ, ಭಾಳ ಸಂಭಾವಿತಳು" ಎಂದು ನೀಲಾ ನಗುವಳು. ಆ ನಗು ತುಳಜಾಳ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿಯ ಹಾಗೆ ಇಳಿಯುತ್ತಿತ್ತು.

ಆ ಮಳೆಗಾಲದಲ್ಲಿ ಬಿದ್ದದ್ದು ನೀಲಾಳ ಗೋಡೆಯಲ್ಲ, ತುಳಜಾಳ ಮನೆಯ ಹಿತ್ತಿಲ ಗೋಡೆ. ದೇವರು ದೊಡ್ಡವನು, ಅತ್ತ ಯಾರೂ ಮಲಗಿರಲಿಲ್ಲ.

ಇನ್ನು ಹೊಸ ಮನೆ ಕಟ್ಟದೆ ಗತಿಯಿಲ್ಲ ಎಂದಾಯಿತು. ಸರ್ಕಾರದ ಮನೆ ಮಂಜೂರಾಗಿತ್ತು. ಅದಕ್ಕೆ ಸಂಘದ ಉಳಿತಾಯ, ಗೋವಿನಜೋಳ ಮಾರಿದ್ದು, ಅಪ್ಪ ಹೀರಪ್ಪ ಹತ್ತು ವರ್ಷ ಕಬ್ಬು ಕಡಿಯಲು ಹೋಗಿ ಕೂಡಿಟ್ಟದ್ದು ಎಲ್ಲ ಸೇರಿ ಏಳು ಲಕ್ಷ. ಹೀರಪ್ಪ ಊಟಕ್ಕೆ ಕುಳಿತಾಗ ಹೇಳಿದ:

"ಇದು ಒಂದ ಸಲ ಬರೂ ರೊಕ್ಕ. ಕೆಟ್ರ ಮತ್ತ ನನ್ನ ಜನ್ಮದಾಗ ಬರಂಗಿಲ್ಲ. ತುಳಜಾ, ಈ ಮನ್ಯಾಗ ಓದಿದಾಕಿ ನೀ ಒಬ್ಬಾಕಿ. ಹೆಂಗ ಕಟ್ಟೂಣು, ಹೇಳವಾ."

ಒಂದು ಸಲಕ್ಕೆ ಮೂರು ಮಾತಿಗಿಂತ ಹೆಚ್ಚು ಆಡದ ತುಳಜಾ ಅಂದು ತಲೆ ಎತ್ತದೆ ಹೇಳಿಬಿಟ್ಟಳು: "ಸ್ಲ್ಯಾಬ್ ಮನಿ ಅಪ್ಪಾ. ಮುಂದ ಮಹಡಿ ಏರಸಾಕ ಕಂಬ ಹಾಕಿ. ಎದುರಿಗೆ ಟೈಲ್ಸು."

"ಓದಿದಾಕಿ ಹೇಳ್ಯಾಳ. ಮುಗೀತು" ಎಂದ ಹೀರಪ್ಪ.

ಯಾಕೆ ಸ್ಲ್ಯಾಬು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳ ಬಳಿ ಉತ್ತರವಿತ್ತು, ಆದರೆ ಅದು ಬಾಯಿ ಬಿಟ್ಟು ಹೇಳುವಂಥದ್ದಲ್ಲ.

ದೀಪಾವಳಿ ಕಳೆದ ಮೇಲೆ ಪೇಟೆಯ ಗುತ್ತಿಗೆದಾರ ಚನಬಸಪ್ಪ ಬಂದ. ಮೊಬೈಲಿನಲ್ಲಿ ಒಂದು ಬಂಗಲೆಯ ಫೋಟೋ ತೋರಿಸಿದ, ಕಾಗದದ ಮೇಲೆ ನಕಾಶೆ ಬರೆದ. ಒಟ್ಟು ಎಷ್ಟಾಗುತ್ತದೆ ಎಂದು ತಾಯಿ ಲಕ್ಷ್ಮಿ ಮೆಲ್ಲಗೆ ಕೇಳಿದಳು.

"ಲೆಕ್ಕದ ಚಿಂತಿ ಬಿಡ್ರಿ ಅಕ್ಕಾರ. ಮೊದಲ ಬುನಾದಿ ತಗಿಯೂಣು. ಮನಿ ತಾನ ಮ್ಯಾಲೆ ಏಳತೈತಿ."

ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿ ನಾನಿಬಾಯಿ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ತಾನ ಏಳಾಕ ಅದೇನ ಹುತ್ತೇನೋ ತಮ್ಮಾ?"

ಚನಬಸಪ್ಪ ನಕ್ಕು, ನಾಳೆ ಸಂಜೆ ಮುಂಗಡಕ್ಕೆ ಬರುತ್ತೇನೆಂದು ಹೇಳಿ ಹೋದ. ಅವನ ಬೈಕು ತಾಂಡಾ ದಾಟುವ ಮೊದಲೇ ನಾನಿಬಾಯಿ ನೀಲಾಳಿಗೆ ಹೇಳಿ ಕಳಿಸಿಯಾಗಿತ್ತು.

ಮರುದಿನ ನೀಲಾ ಬಂದಳು, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಬುಟ್ಟಿ ತುಂಬ ಒಲೆಬೂದಿ. "ಕಾಕಾ, ನಕಾಶಿ ಕೊಡ್ರಿ. ಕಾಗದದಾಗ ಎಲ್ಲಾ ಮನಿ ಚಂದ ಕಾಣತಾವ. ಇದನ್ನ ನೆಲದ ಮ್ಯಾಲೆ ಬರದು, ಒಂದ ತಾಸು ಅದರೊಳಗ ಬಾಳೇವು ಮಾಡಿ ನೋಡೂಣು."

'ಬಂದಳು ಮೇಷ್ಟ್ರಾಣಿ' ಎಂದುಕೊಂಡಳು ತುಳಜಾ. ಆದರೂ ಹಗ್ಗದ ಒಂದು ತುದಿ ಹಿಡಿಯಲೇಬೇಕಾಯಿತು.

ಹಗ್ಗ ಅಳೆದಂತೆ ಬೂದಿ ಸುರಿಯಿತು. ಖಾಲಿ ಜಾಗದಲ್ಲಿ ಚನಬಸಪ್ಪನ ಮನೆ ಬೂದಿಯ ಗೆರೆಯಾಗಿ ಎದ್ದು ಬಂತು. ನಾನಿಬಾಯಿ ಬೂದಿಬಾಗಿಲಿನಿಂದ ಬಲಗಾಲಿಟ್ಟು ಒಳಗೆ ಹೋದಳು, ಎರಡು ಹೆಜ್ಜೆಗೆ ನಿಂತಳು.

"ಇದೇನ ಅರ್ಧ ಮನಿ ತುಂಬೇತಿ?"

"ಪಾವಟಿಗಿ ಅಜ್ಜಿ. ಮಹಡಿಗೆ ಹೋಗಾಕ" ಎಂದಳು ನೀಲಾ, ನಕಾಶೆ ನೋಡಿ.

"ಮಹಡಿ ಎಲ್ಲೈತಿ?"

"ಅದು ಮುಂದ ಯಾವಾಗರ."

"ಹಂಗಾರ ನಾ ಮೊಳಕಾಲು ನೋವು ಇಟಗೊಂಡು ಇಲ್ಲದ ಮಹಡಿಗೆ ಹತ್ತಲೇನ? ಹೋಗ್ಲಿ, ಪಾಯಖಾನಿ ಎಲ್ಲಿ?"

"ಹೊರಗ."

"ರಾತ್ರಿ ಮಳ್ಯಾಗ ಎದ್ದು ಹೊರಗ ಹೋಗೂದಾದ್ರ ಈ ಹಳೀ ಮನಿ ಏನ ಪಾಪ ಮಾಡಿತ್ತು?"

ಲಕ್ಷ್ಮಿ ಅಡುಗೆಮನೆಯ ಗೆರೆಯೊಳಗೆ ಕುಕ್ಕುರುಗಾಲಲ್ಲಿ ಕುಳಿತು ಸುತ್ತ ನೋಡಿದಳು. ಅಲ್ಲಿ ಕಿಟಕಿಯೇ ಇರಲಿಲ್ಲ. "ಹೊಗಿ ಎಲ್ಲಿಗೆ ಹೋಗತೈತಿ?" ಎಂದು ಕೇಳಿ, "ನನ್ನ ಕಣ್ಣಿಗೇ, ಮತ್ತೆಲ್ಲಿಗೆ" ಎಂದು ತಾನೇ ಉತ್ತರ ಕೊಟ್ಟುಕೊಂಡಳು. ಹೀರಪ್ಪ ಪಡಸಾಲೆಯ ಗೆರೆಯೊಳಗೆ ಪಡುವಣಕ್ಕೆ ಮುಖ ಮಾಡಿ ನಿಂತಿದ್ದ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ನೆರಳು ಕೊಡುತ್ತಿದ್ದ ಹೊಂಗೆಮರವನ್ನು ನಕಾಶೆಯ ಪ್ರಕಾರ ಕಡಿಯಬೇಕಿತ್ತು.

"ಇನ್ನ ರೊಕ್ಕದ ಮಾತು" ಎಂದಳು ನೀಲಾ. ಅಂಗಳದಲ್ಲಿ ಒಣಗಲು ಹಾಕಿದ್ದ ಗೋವಿನಜೋಳದ ರಾಶಿಯಿಂದ ಹತ್ತು ತೆನೆ ತಂದು ಸಾಲಾಗಿಟ್ಟಳು. "ಕಾಕಾ, ನಿಮ್ಮ ಎಲ್ಲಾ ರೊಕ್ಕ ಈ ಹತ್ತು ತೆನಿ ಅಂತ ತಿಳೀರಿ. ಬುನಾದಿಗೆ, ಗೋಡಿಗೆ ನಾಕು. ಚಾವಣಿಗೆ ಎರಡು. ಬಾಗಿಲ ಕಿಟಕಿಗೆ ಒಂದು. ನೆಲಕ್ಕ, ಗಿಲಾವಕ್ಕ ಒಂದು. ಪಾಯಖಾನಿ, ನೀರು, ಕರೆಂಟಿಗೆ ಒಂದು. ಒಂಬತ್ತಾತು. ಇದು ಹತ್ತನೇದು, ಇದನ್ನ ಮುಟ್ಟಬಾರದು. ಕಟ್ಟೂ ಮುಂದ ಸಿಮೆಂಟಿನ ರೇಟ ಏರತೈತಿ, ಗೌಂಡಿಗೆ ಜ್ವರ ಬರತೈತಿ. ಆವಾಗ ಬೇಕಾಗತೈತಿ."

ನಾನಿಬಾಯಿ ಹತ್ತನೆಯ ತೆನೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. "ಇದ ನನ್ನ ಕಡೆ ಇರಲಿ. ನನ್ನ ಮಗನ್ನ ನಾ ಬಲ್ಲೆ."

"ಈಗ ಈ ಸ್ಲ್ಯಾಬ್ ಮನಿ ನೋಡ್ರಿ. ಮಹಡಿ ತಡಿಯೋ ಕಂಬ, ಆಳದ ಬುನಾದಿ, ಗೋಡಿ..." ನೀಲಾ ತೆನೆ ಸರಿಸುತ್ತ ಹೋದಳು. ಆರು ತೆನೆ ಅಲ್ಲಿಗೇ ಹೋದವು. ಸ್ಲ್ಯಾಬಿಗೆ ಇನ್ನೂ ಮೂರು. ನೆಲ ಬರಿದಾಯಿತು. ಬಾಗಿಲೂ ಇಲ್ಲ, ಪಾಯಖಾನೆಯೂ ಇಲ್ಲ. ಎಲ್ಲರ ಕಣ್ಣು ನಾನಿಬಾಯಿಯ ಮಡಿಲಿಗೆ ಹೋಯಿತು.

"ಕೊಡಂಗಿಲ್ಲ!" ಎಂದಳು ಮುದುಕಿ, ಎರಡೂ ಕೈಯಿಂದ ತೆನೆ ಮುಚ್ಚಿಕೊಂಡು. "ಆ ತುಳಸಿರಾಮನ ಮನಿ ನೋಡೀರೋ ಇಲ್ಲೋ? ಅರ್ಧ ಗೋಡಿಗೆ ರೊಕ್ಕ ತೀರಿ, ಸರಳು ಆಕಾಶ ನೋಡಕೊಂತ ನಿಂತಾವ. ಒಳಗ ಆಡು ಮೇಯ್ತಾವ."

ಹೀರಪ್ಪ ನಗಲಿಲ್ಲ. ಮಗಳ ಕಡೆ ನೋಡಿದ. ತುಳಜಾಳ ಕಿವಿ ಕಾದಿತ್ತು. ನೀಲಾ ತಪ್ಪು ಹೇಳುತ್ತಿಲ್ಲ ಎಂಬುದೇ ಅವಳಿಗೆ ಹೆಚ್ಚು ಉರಿಯುತ್ತಿತ್ತು.

"ಮಣ್ಣಿನ ಮನಿ ಅಂದ್ರ ಬಡವರ ಮನಿ ಅಂತಾರ" ಎಂದಳು ಕೊನೆಗೆ. "ನಿನಗೇನವಾ, ಬಂದು ಹೊಗಳಾಕ ಟೆಂಪೋ ತುಂಬ ಮಂದಿ ಅದಾರ. ನಮ್ಮ ಗೋಡಿ ಕರಗಿದ್ರ ಯಾರ ಬರತಾರ?"

"ನಂದೂ ಕರಗೇತಿ" ಎಂದಳು ನೀಲಾ. "ಬಾ, ತೋರಸತೇನಿ."

ಎಲ್ಲರೂ ಅವಳ ಹಿಂದೆ ಹೋದರು. ಇಡೀ ಮಳೆಗಾಲ ತುಳಜಾ ಕಾದಿದ್ದ ಗೋಡೆ ಅದು. ಓಣಿಯಿಂದ ಕಾಣದ ಹಿಂಬದಿಯಲ್ಲಿತ್ತು. ಒಂದು ಮೊಳ ಅಗಲ ಮಣ್ಣು ಉದುರಿ, ಮೇಲೆ ಹೊಸ ಗಿಲಾವು ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ನೋಡಿದ ಕೂಡಲೇ ಅವಳ ಎದೆಯಲ್ಲಿ ಹಬ್ಬವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ನೀಲಾ ತಾನೇ ಬೆರಳಿಟ್ಟು ತೋರಿಸುತ್ತಿದ್ದಳು.

"ಇಲ್ಲಿ ಹಂಚಿನ ಇಳಿಜಾರು ಮುಂದಕ್ಕ ಚಾಚಲಿಲ್ಲ, ರೊಕ್ಕ ಉಳಿಸಾಕ ಹೋದೆ. ಮಳಿ ಸೀದಾ ಗೋಡಿಗೆ ಹೊಡೀತು. ಮಣ್ಣಿನ ಗೋಡಿಗೆ ಕೆಳಗ ಕಲ್ಲಿನ ಬೂಟು ಬೇಕ, ಮ್ಯಾಲೆ ದೊಡ್ಡ ಟೊಪ್ಪಿಗಿ ಬೇಕ. ಟೊಪ್ಪಿಗಿ ಸಣ್ಣದಾತು. ಬಂದಾರಿಗೆಲ್ಲ ಮೊದಲ ಇದನ್ನ ತೋರಸತೇನಿ. ಮಣ್ಣು ಪರೀಕ್ಷೆ ಮಾಡಸದ ಇಟ್ಟಂಗಿ ಒತ್ತಬ್ಯಾಡ್ರಿ ಅಂತನೂ ಹೇಳತೇನಿ. ನಿನಗ ಗೊತ್ತಿಲ್ಲೇನ? ಚಾ ಕೊಟ್ಟು ಕೊಟ್ಟು ಓಡಿ ಹೋಗತಿದ್ದಿ."

ಒಳಗೆ ತಂಪಿತ್ತು. ಎದುರುಬದುರು ಕಿಟಕಿಗಳ ನಡುವೆ ಗಾಳಿ ಆಡುತ್ತಿತ್ತು. ಬಾಗಿಲ ಚೌಕಟ್ಟು ದೊಡ್ಡಪ್ಪನ ಹಳೆಯ ಮನೆಯ ಸಾಗವಾನಿ. ಹಂಚಿನ ಮೇಲೆ ಬಿದ್ದ ನೀರು ತಗಡಿನ ದೋಣಿಯಲ್ಲಿ ಹರಿದು ಟಾಕಿಗೆ ಬೀಳುವಂತೆ ಮಾಡಿದ್ದರು. ಹೀರಪ್ಪ ಗೋಡೆಗೆ ಕೈ ಆನಿಸಿ ನಿಂತ. ಲಕ್ಷ್ಮಿ ಹೊಗೆ ಹೊರಗೆ ಹೋಗುವ ಒಲೆಯ ಮುಂದೆ ಕುಳಿತಳು. ತುಳಜಾ ಮಾತ್ರ ಮೂಲೆಯ ಒಂದು ಸಣ್ಣ ಕೋಣೆಯ ಹೊಸ್ತಿಲಲ್ಲಿ ನಿಂತೇ ಇದ್ದಳು. ನೀಲಾ ಓದುವ ಕೋಣೆ. ಒಂದು ಚಾಪೆ, ಒಂದು ಕಿಟಕಿ, ಅಷ್ಟೇ. "ಹೋಗೂಣು ಬಾ" ಎಂದು ಎರಡು ಸಲ ಕರೆದ ಮೇಲೆ ಹೊರಟಳು.

ಹಿಂತಿರುಗಿ ಬಂದು ಬೂದಿಗೆರೆ ಅಳಿಸಿದರು. ಈ ಸಲ ನೀಲಾ ಗೆರೆ ಎಳೆಯುವ ಮುಂಚೆ ಕೇಳಿದಳು: "ಯಾರ‍್ಯಾರಿಗೆ ಏನೇನ ಬೇಕ? ಮಂದಿ ಮನ್ಯಾಗ ಏನೈತಿ ಅಂತಲ್ಲ, ನಿಮಗೇನ ಬೇಕ?" ನಾನಿಬಾಯಿಗೆ ಬೆಳಗಿನ ಬಿಸಿಲು ಬೀಳುವ ಕಟ್ಟೆ, ಮಲಗುವ ಕಡೆಯಿಂದ ನಾಲ್ಕು ಹೆಜ್ಜೆಗೆ ಪಾಯಖಾನೆ. ಲಕ್ಷ್ಮಿಗೆ ಒಲೆಯ ಎದುರು ಕಿಟಕಿ. ಹೀರಪ್ಪನಿಗೆ ಚೀಲ ಇಡಲು ಅಟ್ಟ, ಮತ್ತೆ ಹೊಂಗೆಮರ ಇದ್ದಲ್ಲೇ ಇರಬೇಕು. ಹೇಳಿದಂತೆ ಹೊಸ ಬೂದಿಗೆರೆ ಬಿತ್ತು. ಮಣ್ಣಿನ ಇಟ್ಟಿಗೆಯ ಗೋಡೆ ಕಟ್ಟಿ, ಹಳೆಯ ಮನೆಯ ಹಂಚು, ಬಾಗಿಲು ಮತ್ತೆ ಬಳಸಿದರೆ ಒಂಬತ್ತು ತೆನೆಯಲ್ಲೇ ಮನೆ ಕೂಡುತ್ತಿತ್ತು. ಹತ್ತನೆಯದು ಮಡಿಲಲ್ಲೇ ಉಳಿಯುತ್ತಿತ್ತು.

"ತುಳಜಾ, ನಿನಗ?"

"ನನಗೇನೂ ಬ್ಯಾಡ."

"ಆಕಿ ಇವತ್ತಲ್ಲ ನಾಳೆ ಮದುವಿಯಾಗಿ ಹೋಗಾಕಿ" ಎಂದಳು ಲಕ್ಷ್ಮಿ. "ಆಕಿಗ್ಯಾಕ ಬಿಡು."

ನೀಲಾ ಏನೋ ಹೇಳಲು ಹೋದಳು. ಅಷ್ಟರಲ್ಲಿ ಬೈಕಿನ ಸದ್ದಾಯಿತು. ಚನಬಸಪ್ಪ ಬಂದು ಬೂದಿಗೆರೆ ನೋಡಿ, "ಏನ್ರೀ, ಕಬಡ್ಡಿ ಆಡಾಕತ್ತೀರೇನು?" ಎಂದ. ಎಲ್ಲರ ಮನಸ್ಸೂ ಹೊಸ ಗೆರೆಯ ಕಡೆ ವಾಲಿತ್ತು. ಆದರೆ ಹೀರಪ್ಪ ಕೊಟ್ಟ ಮಾತಿಗೆ ತಪ್ಪದವನು. "ನಾ ಮಗಳಿಗೆ ಮಾತ ಕೊಟ್ಟೇನಿ. ಓದಿದಾಕಿ ಏನರ ವಿಚಾರ ಮಾಡೇ ಹೇಳಿರತಾಳ" ಎಂದು ಕಿಸೆಗೆ ಕೈ ಹಾಕಿದ.

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೀರಪ್ಪನ ಕೈ ಒಂದು ಗಳಿಗೆ ಅಲ್ಲೇ ನಿಲ್ಲಲಿ. ನಾಳೆ ನಿಮ್ಮ ಕೈಯೂ ಹಾಗೇ ಕಿಸೆಗೆ ಹೋಗುವ ದಿನ ಬರುತ್ತದೆ. ಮುಂಗಡ ಕೊಡುವ ಮೊದಲು ನಿಮ್ಮ ಜಾಗದಲ್ಲಿ ಬೂದಿಯ ಗೆರೆ ಎಳೆದು ಅದರೊಳಗೆ ಓಡಾಡಿ ನೋಡಿ. ಬಿಸಿಲು ಎತ್ತಣಿಂದ, ಗಾಳಿ ಎತ್ತಣಿಂದ, ನೀರು ಎತ್ತ ಹರಿಯುತ್ತದೆ ಎಂದು ನಿಂತು ತಿಳಿದುಕೊಳ್ಳಿ. ಒಟ್ಟು ಖರ್ಚನ್ನು ಬರಹದಲ್ಲಿ ಕೇಳಿ, ಕೆಲಸ ಆದಷ್ಟಕ್ಕೇ ಹಣ ಕೊಡಿ, ಹತ್ತರಲ್ಲಿ ಒಂದು ಪಾಲು ಮುಟ್ಟದೆ ಇಡಿ. ಹಳೆಯ ಮನೆ ಕೊಟ್ಟ ಮರ, ಹಂಚನ್ನು ಎಸೆಯಬೇಡಿ. ಕಾಲ ಕೆಳಗಿನ ಮಣ್ಣನ್ನು ಪರೀಕ್ಷೆ ಮಾಡಿಸದೆ ಹಳಿಯಬೇಡಿ. ಮತ್ತೆ ಇದೊಂದನ್ನು ಮರೆಯದೆ ಮಾಡಿ: ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರಿದ್ದಾರೋ ಅವರ ಮುಂದೆ ಕುಳಿತು, ನಿನಗೇನು ಬೇಕು ಎಂದು ಕೇಳಿ. 'ಏನೂ ಬೇಡ' ಎಂದರೆ ಎದ್ದು ಹೋಗಬೇಡಿ.

ಹೀರಪ್ಪನ ಕೈ ನೋಟಿನ ಕಟ್ಟು ಹಿಡಿದು ಹೊರಗೆ ಬಂತು.

"ಅಪ್ಪಾ, ಕೊಡಬ್ಯಾಡ."

ಧ್ವನಿ ಯಾರದೆಂದು ಎಲ್ಲರೂ ಸುತ್ತ ನೋಡಿದರು. ತುಳಜಾಳದೇ.

"ಯಾಕವಾ? ನೀನ ಹೇಳಿದ್ದಿ" ಎಂದ ಹೀರಪ್ಪ. ಹಣ ಮತ್ತೆ ಕಿಸೆಗೆ ಇಳಿಯಿತು. ಅವನು ಬೂದಿಗೆರೆ ದಾಟಿ ಬಂದು ಮಗಳ ಮುಂದೆ ನೆಲದ ಮೇಲೆ ಕುಳಿತ. "ನಿನಗ ಏನ ಬೇಕ? ಹೇಳಿದ ಹೊರತು ನಾ ಏಳಂಗಿಲ್ಲ."

ನೀಲಾ ಅಲ್ಲೇ ನಿಂತಿದ್ದಳು. ತುಳಜಾ ಈ ಸಲ ತಲೆ ತಗ್ಗಿಸಲಿಲ್ಲ.

"ನೀಲಕ್ಕನ ಮನಿ ಕಂಡ್ರ ನನಗ ಹೊಟ್ಟಿಕಿಚ್ಚು ಅಪ್ಪಾ. ಅದಕ್ಕ ಆಕಿ ಮನಿಗಿಂತ ಎತ್ತರಾಗ್ಲಿ ಅಂತ ಸ್ಲ್ಯಾಬ್ ಅಂದೆ. ಎತ್ತರ ನನಗ ಬ್ಯಾಡ. ಮದುವಿ ಆಗೂತನಾ ಆದ್ರೂ ಸೈ, ಬಾಗಿಲ ಹಾಕ್ಕೊಂಡ ಕೂಡ್ರಾಕ ಒಂದ ಸಣ್ಣ ಕೋಣಿ ಬೇಕ."