ಲಂಗರಿಗೊಂದು ಮೋಟಾರು

ನನ್ನ ಗಂಡನಿಗೆ ಬೆನ್ನು ಹಿಡಿದುಕೊಂಡದ್ದು ಲಂಗರು ಎತ್ತುವಾಗ. ಲಂಗರೂ ಸರಪಳಿಯೂ ಸೇರಿ ಅರವತ್ತು ಕಿಲೋ. ಅದನ್ನು ಹನ್ನೊಂದು ವರ್ಷ ಬರಿಗೈಯಲ್ಲಿ ಎಳೆದ ಮನುಷ್ಯ, ಅವತ್ತು ದೋಣಿಯ ಮೂತಿಯಲ್ಲಿ ಬಗ್ಗಿದವರು ಬಗ್ಗಿದಂತೆಯೇ ನಿಂತುಬಿಟ್ಟರು. ತುಂಬಿದ ಬಕೆಟ್ಟನ್ನೂ ಎತ್ತಕೂಡದು ಎಂದರು ಡಾಕ್ಟರು. ಇವರು ಮನೆಗೆ ಬಂದವರೇ ನಮ್ಮ ಹಾಯಿದೋಣಿಯನ್ನು ಮಾರಲು ಹೊರಟರು. ಭಾನುವಾರ ಹತ್ತು ಗಂಟೆಗೆ ಯಾರೋ ನೋಡಲು ಬರುತ್ತಾರಂತೆ.

ನನ್ನನ್ನು ಒಂದು ಮಾತು ಕೇಳಬೇಡವೇ? ಆ ದೋಣಿಯ ಎರಡೂ ಹಾಯಿ ಹೊಲಿದವಳು ನಾನು. ಇಪ್ಪತ್ತೆಂಟು ವರ್ಷ ಕಿಟಕಿಯಿಲ್ಲದ ಅಂಗಡಿಯಲ್ಲಿ ಊರವರ ಬಟ್ಟೆ ಹೊಲಿದ ದರ್ಜಿಗೆ, ವರ್ಷಕ್ಕೆರಡು ತಿಂಗಳು ಅದರಲ್ಲಿ ತಿರುಗುವುದೊಂದೇ ಸುಖ. ಅದನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

"ಲಂಗರು ಎತ್ತೋಕೆ ಮೋಟಾರು ಸಿಗುತ್ತೆ ಕಣ್ರೀ. ನಾನೇ ಕೂರಿಸ್ತೀನಿ," ಎಂದೆ.

"ಹೊಲಿಗೆ ಮೆಷಿನ್ನಿನ ಮೋಟಾರು ಅಂದ್ಕೊಂಡ್ಯಾ?"

"ಅವರು ಬರೋದ್ರೊಳಗೆ ನಾನೊಬ್ಬಳೇ ಲಂಗರು ಎತ್ತಿದ್ರೆ ದೋಣಿ ಮಾರೋ ಹಾಗಿಲ್ಲ."

"ಎತ್ತು ನೋಡೋಣ. ಎತ್ತಿದ್ರೆ ಬಾಯಿ ಮುಚ್ಕೊಂಡು ಚುಕ್ಕಾಣಿ ಹಿಡೀತೀನಿ."

ಬಾಯಿ ಮುಚ್ಚುವುದು ಅವರಿಗೆ ಸಣ್ಣ ಮಾತಲ್ಲ. ಇಷ್ಟು ವರ್ಷ ಚುಕ್ಕಾಣಿ ಹಿಡಿದವಳು ನಾನು. ಅವರು ಮೂತಿಯಲ್ಲಿ ನಿಂತು ಸರಪಳಿ ಎಳೆಯುತ್ತ, "ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ ಕಣೇ!" ಎಂದು ಬಂದರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ದೋಣಿ ದಡದಿಂದ ಕೂಗಳತೆ ದೂರದಲ್ಲಿ ಲಂಗರು ಹಾಕಿ ನಿಂತಿತ್ತು. ಮೋಟಾರು ತರಿಸಿ, ಅದನ್ನು ಕೂರಿಸಲು ನಾನು ಡೆಕ್ಕಿಗೆ ಮೊದಲ ತೂತು ಕೊರೆದಾಗ ಅವರು ಮುಖ ತಿರುಗಿಸಿಕೊಂಡರು. ಬೋಲ್ಟಿಗೆ ನಾಲ್ಕು ತೂತು, ಸರಪಳಿ ಇಳಿಯಲು ಒಂದು ದೊಡ್ಡದು. ಎಳೆತಕ್ಕೆ ಡೆಕ್ಕು ಕಿತ್ತು ಬರದಿರಲೆಂದು, ಕಾಲರಿನೊಳಗೆ ಕ್ಯಾನ್ವಾಸು ಇಡುವ ಹಾಗೆ ಅದರ ಕೆಳಗೆ ಒಂದು ಗಟ್ಟಿ ಹಲಗೆ ಕೊಟ್ಟೆ. ನೀರು ಇಳಿಯದಂತೆ ಸುತ್ತ ಅಂಟು ಮೆತ್ತಿದೆ.

ಬ್ಯಾಟರಿ ಇರುವುದು ಹಿಂದೆ, ಮೋಟಾರು ಮುಂದೆ. ಟೇಪು ಹಿಡಿದು ಅಳೆದರೆ ಹತ್ತು ಮೀಟರು. ವೈರಿನ ಅಂಗಡಿಯವನಿಗೆ ಫೋನು ಮಾಡಿ, ಹತ್ತು ಮೀಟರಿಗೆ ಎಷ್ಟು ದಪ್ಪದ್ದು ಬೇಕೆಂದು ಕೇಳಿದೆ. ಅವನು ಪಟ್ಟಿ ನೋಡಿ ಹೇಳಿದ. ಒಂದು ಸುರುಳಿ ತರಿಸಿ, ಹತ್ತರ ಎರಡು ತುಂಡು ಮಾಡಿ ಎಳೆದೆ.

ಶನಿವಾರ ಮಧ್ಯಾಹ್ನ ಕಾಲಡಿಯ ಸ್ವಿಚ್ಚು ಒತ್ತಿದೆ. ಮೋಟಾರು ಎರಡು ಮೊಳ ಸರಪಳಿ ಎಳೆದು, ನರಳಿ, ನಿಂತೇಬಿಟ್ಟಿತು.

"ಹೋಗ್ಲಿ ಬಿಡೇ. ನಿನ್ನ ಕೈಲಾದಷ್ಟು ಮಾಡ್ದೆ," ಎಂದರು ನನ್ನ ಗಂಡ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಕನಿಕರಕ್ಕೆ ಮೈಯೆಲ್ಲ ಉರಿಯಿತು. ಯಂತ್ರವೇ ಸರಿಯಿಲ್ಲ ಎನ್ನಲು ಬಾಯಿ ತೆರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಸಾಲಿಗೆ ನಾನೇಕೆ ಸೇರಲಿ ಎಂದು ವೈರಿನತ್ತ ಬಗ್ಗಿದೆ. ವೈರು ಮುಟ್ಟಿ ನೋಡಿದರೆ ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿತ್ತು. ಉಳಿದಿದ್ದ ತುಂಡು ಹಿಡಿದುಕೊಂಡು ನೇರವಾಗಿ ಅಂಗಡಿಗೇ ಹೋದೆ.

"ಅಕ್ಕಾ, ಹತ್ತು ಅಂದ್ರಲ್ಲ, ಹೋಗೋದು ಬರೋದು ಸೇರಿ ತಾನೇ?" ಎಂದ ಅಂಗಡಿಯವನು.

"ಬರೋದು ಯಾಕಪ್ಪಾ?"

"ಹೋದ ಕರೆಂಟು ವಾಪಸ್ ಬರ್ಬೇಕಲ್ಲಕ್ಕಾ! ಅಲ್ಲಿಗೆ ಇಪ್ಪತ್ತು ಮೀಟರ್ ದಾರಿ ಆಯ್ತು. ಇಷ್ಟು ಸಣ್ಣ ವೈರಲ್ಲಿ ಅದು ದಾರೀಲೇ ಸುಸ್ತಾಗುತ್ತೆ."

ದರ್ಜಿಗಳು ಅಳೆಯುವುದು ಒಂದೇ ತೋಳನ್ನು, ಕತ್ತರಿಸುವುದು ಎರಡು. ಪುಸ್ತಕದಲ್ಲಿ ಬರೆದುಕೊಳ್ಳುವುದೂ ಒಂದೇ ಅಳತೆ. ಇಪ್ಪತ್ತೆಂಟು ವರ್ಷದ ಆ ಅಭ್ಯಾಸವನ್ನು ದೋಣಿಗೂ ತೊಡಿಸಿದ್ದೆ. ನಾಚಿಕೆಯಾಯಿತು, ನಗುವೂ ಬಂತು. ದಪ್ಪ ವೈರು ಹೊತ್ತು ಹಿಂತಿರುಗಿದೆ.

ಭಾನುವಾರ ಬೆಳಕು ಹರಿಯುತ್ತಲೇ ಶುರುಮಾಡಿದೆ. ಹಳೆಯ ವೈರಿನ ತುದಿಗೆ ಹೆಬ್ಬೆರಳು ಗಾತ್ರದ ಹೊಸತನ್ನು ಬಿಗಿದು, ಪೈಜಾಮಕ್ಕೆ ಲಾಡಿ ಹಾಕುವಂತೆ ದೋಣಿಯೊಳಗಿನ ಹಾಸಿಗೆಯ ಕೆಳಗಿಂದ, ಒಲೆಯ ಹಿಂದಿನಿಂದ ಮುಂದಕ್ಕೆ ಎಳೆದೆ. ಅಂಗೈ ಸುಲಿಯಿತು, ನಾನು ಬಿಡಲಿಲ್ಲ. ನನ್ನ ಗಂಡ ಬಂದು ಪಕ್ಕದಲ್ಲಿ ಕೂತು ಟಾರ್ಚು ಹಿಡಿದರು.

"ಇನ್ಮೇಲೆ ಈ ದೋಣಿಗೆ ನಾನ್ಯಾಕೆ ಬೇಕೇ?" ಎಂದರು ಮೆಲ್ಲಗೆ.

ಮಾರುವ ಆತುರದ ಹಿಂದೆ ಇದ್ದದ್ದು ಇದೇ ಎಂದು ಆಗ ತಿಳಿಯಿತು.

"ನನ್ನ ಕೈಲಿ ಬೈಸಿಕೊಳ್ಳೋಕೆ. ಟಾರ್ಚು ನೆಟ್ಟಗೆ ಹಿಡೀರಿ," ಎಂದೆ.

ಹತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ದೋಣಿ ಕೊಳ್ಳುವವರು ಆಗಲೇ ದಡದಲ್ಲಿ ನಿಂತಿದ್ದರು. ಗಂಡನನ್ನು ಚುಕ್ಕಾಣಿಯ ಬಳಿ ಕೂರಿಸಿ, ಎಂಜಿನ್ನು ಚಾಲೂ ಮಾಡಿಸಿ, ಸ್ವಿಚ್ಚಿನ ಮೇಲೆ ಕಾಲಿಟ್ಟೆ. ಮೋಟಾರು ಗುರ್ ಎಂದಿತು. ಕೊಂಡಿಯ ಹಿಂದೆ ಕೊಂಡಿ ಮೇಲೆ ಬಂದು, ಗಡಗಡ ಸದ್ದು ಮಾಡುತ್ತ ತೂತಿನೊಳಗೆ ಇಳಿಯಿತು. ಅರ್ಧ ಸರಪಳಿ ಬಂದಾಗ ನನ್ನ ಗಂಡ ತಡೆಯಲಾರದೆ ಎದ್ದುನಿಂತರು.

"ಕೂತ್ಕೊಳ್ಳಿ!"

ಕೂತರು. ಕೆಸರು ಮೆತ್ತಿದ ಲಂಗರು ಠಣ್ಣೆಂದು ಮೂತಿಯಲ್ಲಿ ಬಂದು ಕೂತಿತು. ಕಟ್ಟು ಬಿಟ್ಟ ದೋಣಿ ಬಲಗಡೆಯ ಬಂಡೆಯತ್ತ ಸರಿಯತೊಡಗಿತು.

"ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ ರೀ!" ಎಂದು ಕೂಗಿದೆ. ಬಂದರಿಗೆಲ್ಲ ಕೇಳಿರಬೇಕು.

ಅವರು ಎಡಕ್ಕೆ ತಿರುಗಿಸಿದರು. ದಡದಲ್ಲಿದ್ದವರು ಕೈಯೆತ್ತಿ ಕರೆದರು. ನನ್ನ ಗಂಡ ಒಂದು ಕೈ ಮೇಲೆತ್ತಿ, ಇಲ್ಲ, ಕೊಡುವುದಿಲ್ಲ ಎಂದು ಅಲ್ಲಾಡಿಸಿದರು. ಅವರ ಕಣ್ಣು ತುಂಬಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.